ಮಗುವಿಗೆ ಮಾತು ತಡ ಆಗ್ತಾ ಉಂಟಾ? ಅಸೆಸ್‌ಮೆಂಟಿಗೆ ಹೋಗುವ ಮೊದ್ಲು ಮನೆಯಲ್ಲಿ ಮಾಡ್ಲಿಕ್ಕಿರುವ ಕೆಲಸ

ಎರಡೂವರೆ ವರ್ಷ ಆಯ್ತು ಇನ್ನೂ ಸರಿ ಮಾತು ಬರುದಿಲ್ಲ ಅಂತ ಯಾರ ಹತ್ರ ಹೇಳಿದ್ರೂ ನಮ್ಮ ಊರಲ್ಲಿ ಉತ್ತರ ರೆಡಿ ಉಂಟು. ಅವನ ಅಪ್ಪನೂ ಹಾಗೇ, ನಾಲ್ಕು ವರ್ಷ ಆದ್ಮೇಲೆ ಬಾಯಿ ಬಿಟ್ಟದ್ದು ಅಂತ ಅಜ್ಜಿ ಹೇಳ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅಂತ ಪಕ್ಕದ ಮನೆಯವ್ರು. ಮನೆಯಲ್ಲಿ ತುಳು, ಕನ್ನಡ, ಇಂಗ್ಲಿಷ್ ಎಲ್ಲ ಕಲಸಿ ಮಾತಾಡ್ತೀರಲ್ಲ, ಮಗುವಿಗೆ ಕನ್‌ಫ್ಯೂಸ್ ಆಗಿದೆ, ಒಂದೇ ಭಾಷೆ ಮಾತಾಡಿ ಅಂತ ಮತ್ತೊಬ್ರು. ಇದ್ರಲ್ಲಿ ಅಜ್ಜಿ ಹೇಳಿದ್ದು ಮಾತ್ರ ನಿಜವಾಗ್ಲೂ ಉಪಯೋಗದ ಮಾಹಿತಿ, ಆದ್ರೆ ಅವ್ರು ಹೇಳುವ ಅರ್ಥದಲ್ಲಿ ಅಲ್ಲ. ಮಾತಿನ ತೊಂದರೆ ಕುಟುಂಬದಲ್ಲಿ ಬರುವಂಥದ್ದು, ಹಾಗಾಗಿ ಅಪ್ಪನಿಗೂ ತಡ ಆಗಿತ್ತು ಅಂದ್ರೆ "ಕಾಯುವ, ಸರಿಯಾಗ್ತದೆ" ಅಂತ ಅಲ್ಲ, ಸ್ವಲ್ಪ ಬೇಗ ತೋರಿಸುವ ಅಂತ. ಬಜೆಯಿಂದ ಮಾತು ಬರುದಿಲ್ಲ, ಮತ್ತೆ ಅದನ್ನು ಜೇನಲ್ಲಿ ತೇಯ್ದು ಕೊಡುವವ್ರು ಇದ್ದಾರೆ, ಒಂದು ವರ್ಷದ ಒಳಗಿನ ಮಗುವಿಗೆ ಜೇನು ಕೊಡ್ಲೇಬಾರದು ಆಯ್ತಾ.

ನಾನು ಸ್ಪೀಚ್ ಥೆರಪಿ ಕೆಲಸದಲ್ಲಿ ಇರುವವಳು, ಮಂಗಳೂರು ಕಡೆಯ ಅಪ್ಪ ಅಮ್ಮಂದಿರಿಗೆ ದಿನಾ ಹೇಳುವ ವಿಷಯ ಒಂದೇ, ಕ್ಲಿನಿಕಲ್ಲಿ ನಲವತ್ತೈದು ನಿಮಿಷ ಹೊಸ ಮುಖದ ಎದುರು ಕೂತ ಮಗು ತನ್ನ ಭಾಷೆಯ ಅರ್ಧನೂ ತೋರಿಸುದಿಲ್ಲ, ಉಳಿದ ಅರ್ಧ ನೀವು ಮನೆಯಿಂದ ತರ್ಬೇಕು, ಮತ್ತೆ ಮಗು ಕೇಳುವ ಎಲ್ಲಾ ಭಾಷೆಯದ್ದೂ ತರ್ಬೇಕು. ಹೇಗೆ ಅಂತ ಬರೀತೇನೆ, ಉದ್ದ ಉಂಟು, ನಿಧಾನ ಓದಿ.

ಮೊದ್ಲು ಕಿವಿ

ಮಾತಿನ ಟೆಸ್ಟಿಗೆ ಮೊದ್ಲು ಕಿವಿ ಟೆಸ್ಟ್. ಇದ್ರಲ್ಲಿ ಚರ್ಚೆ ಇಲ್ಲ. "ಅವನಿಗೆ ಚಾಕ್ಲೇಟ್ ಪ್ಯಾಕೆಟ್ ಸದ್ದು ಮೂರನೇ ರೂಮಿಂದ ಕೇಳ್ತದೆ" ಅಂತ ಹೇಳ್ತಾರೆ, ಕೇಳ್ತದೆ ಸರಿ, ಆದ್ರೆ ಪ್ಯಾಕೆಟಿನ ಚರಚರ ಕೇಳುದು ಬೇರೆ, "ಸ"ಕ್ಕೂ "ತ"ಕ್ಕೂ ವ್ಯತ್ಯಾಸ ಕೇಳುದು ಬೇರೆ. ಹುಟ್ಟಿದಾಗ ಓಎಇ ಅನ್ನುವ ಕಿವಿ ಟೆಸ್ಟ್ ಪಾಸ್ ಆಗಿತ್ತು ಅಂದ್ರೂ ಪುನಃ ಮಾಡಿಸಿ, ಕೆಲವು ಕಿವಿ ತೊಂದರೆ ಆಮೇಲೆ ಬರುವಂಥದ್ದು. ನಮ್ಮಲ್ಲಿ ಮಳೆಗಾಲ ಶುರು ಆದ್ರೆ ಮಕ್ಕಳಿಗೆ ಶೀತ ಬಿಡುದೇ ಇಲ್ಲ, ಶೀತದ ಹಿಂದೆ ನಡುಕಿವಿಯಲ್ಲಿ ನೀರು ತುಂಬಿದ್ರೆ ಮಗು ವಾರಗಟ್ಟಲೆ ಮಂದ ಕೇಳಿಕೊಂಡು ಇರ್ತದೆ, ನೋವು ಇಲ್ಲದಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಟಿಂಪನೋಮೆಟ್ರಿ ಅಂತ ಒಂದು ಟೆಸ್ಟ್ ಉಂಟು, ಸ್ವಲ್ಪ ಹೊತ್ತಲ್ಲೇ ಆಗ್ತದೆ, ಅದರಲ್ಲಿ ಇದು ಸಿಗ್ತದೆ.

ಸಣ್ಣ ಮಗುವಿಗೆ ಬೆರಾ ಟೆಸ್ಟ್ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸ್ತದಾ ಅಂತ ನೋಡುದು) ಬರೆದುಕೊಟ್ರೆ ಮಗು ನಿದ್ದೆಯಲ್ಲಿ ಇರ್ಬೇಕು. ಹಿಂದಿನ ರಾತ್ರಿ ಸ್ವಲ್ಪ ಲೇಟಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಮತ್ತೆ ಮುಖ್ಯ ಅಂದ್ರೆ ಬರುವ ದಾರಿಯಲ್ಲಿ ಬಸ್ಸಲ್ಲಿ ಮಲಗ್ಲಿಕ್ಕೆ ಬಿಡ್ಬೇಡಿ. ಬಿ.ಸಿ.ರೋಡಿಂದ ಬರುವಷ್ಟರಲ್ಲಿ ಒಳ್ಳೆ ನಿದ್ದೆ ಮುಗಿಸಿ ಫ್ರೆಶ್ ಆಗಿ ಬಂದು ಕೂತ ಮಗುವನ್ನು ಪುನಃ ಮಲಗಿಸುದು ಯಾರಿಂದಲೂ ಆಗುದಿಲ್ಲ ಮಾರಾಯ್ರೆ.

ಎಷ್ಟು ಕಾಯಬಹುದು

ಸುಮಾರು ಒಂದು ವರ್ಷಕ್ಕೆ ಮೊದಲ ಶಬ್ದ, ಎರಡು ವರ್ಷಕ್ಕೆ ಸುಮಾರು 50 ಶಬ್ದ ಮತ್ತೆ ಎರಡು ಶಬ್ದ ಸೇರಿಸಿ ಹೇಳುದು, ಮೂರಕ್ಕೆ ಸಣ್ಣ ಸಣ್ಣ ವಾಕ್ಯ, ನಾಲ್ಕಕ್ಕೆ ಹೊರಗಿನವರಿಗೂ ಅರ್ಥ ಆಗುವ ಹಾಗೆ ನಡೆದ ಒಂದು ವಿಷಯ ಹೇಳುದು. ಇದು ದಪ್ಪ ಲೆಕ್ಕ, ಒಂದೆರಡು ತಿಂಗಳು ಹಿಂದೆಮುಂದೆ ಆದ್ರೆ ತಲೆ ಕೆಡಿಸ್ಬೇಡಿ. ಎರಡು ವರ್ಷಕ್ಕೆ ತಡ ಇದ್ದ ಮಕ್ಕಳಲ್ಲಿ ತುಂಬ ಮಕ್ಕಳು ತಾನಾಗಿ ಸರಿ ಆಗ್ತಾರೆ, ಇದು ನಿಜ. ಯಾವ ಮಗು ಸರಿ ಆಗ್ತದೆ ಅಂತ ಎರಡು ವರ್ಷಕ್ಕೇ ಖಚಿತ ಹೇಳ್ಲಿಕ್ಕೆ ಆಗುದಿಲ್ಲ, ಇದೂ ನಿಜ. ಹಾಗಾಗಿ ನಾನು ನೋಡುದು ಶಬ್ದ ಎಷ್ಟು ಅಂತ ಮಾತ್ರ ಅಲ್ಲ. ಹೇಳಿದ್ದು ಅರ್ಥ ಆಗ್ತದಾ, ಬೆರಳು ತೋರಿಸಿ ಕೇಳ್ತದಾ, ವಿಮಾನ ಹೋದ್ರೆ "ನೋಡು" ಅಂತ ನಿಮ್ಮ ಮುಖ ನೋಡ್ತದಾ. ಅರ್ಥ ಆಗುದೂ ಕಮ್ಮಿ, ಕೈಸನ್ನೆಯೂ ಕಮ್ಮಿ, ಮನೆಯಲ್ಲಿ ಬೇರೆಯವ್ರಿಗೂ ಇತ್ತು ಅಂದ್ರೆ ಕಾಯ್ಬೇಡಿ. ಹೆಸರು ಕರೆದ್ರೆ ತಿರುಗದೆ ಇರುದು, ಬೆರಳು ತೋರಿಸದೆ ಇರುದು ಜೊತೆಗೆ ಇದ್ರೆ ಆಟಿಸಂ ಬಗ್ಗೆಯೂ ನೋಡ್ಬೇಕಾಗ್ತದೆ. ಬಂದ ಮಾತು ಹೋಯ್ತು, ಮೊದ್ಲು ಹೇಳ್ತಾ ಇದ್ದದ್ದು ಈಗ ಇಲ್ಲ ಅಂತಾದ್ರೆ ಯಾವ ವಯಸ್ಸಾದ್ರೂ ಅದೇ ವಾರ ಡಾಕ್ಟರ್ ಹತ್ರ ಹೋಗಿ.

"ಬಳೆ"ಗೆ "ಬಲೆ" ಹೇಳುದು, "ರ" ಸರಿ ಬಾರದೆ ಇರುದು ಮೂರು ನಾಲ್ಕು ವರ್ಷಕ್ಕೆ ಸಾಧಾರಣ. ಅದು ಉಚ್ಚಾರದ ವಿಷಯ, ಭಾಷೆಯ ತೊಂದರೆ ಬೇರೆ. ನಾಲಿಗೆ ಕೆಳಗೆ ಕತ್ತರಿಸಿದ್ರೆ ಮಾತು ಬರ್ತದೆ ಅಂತ ಯಾರಾದ್ರೂ ಹೇಳಿದ್ರೆ ಕೇಳಿ ನೋಡಿ, ನಾಲಿಗೆ ಬಿಗಿ ಇದ್ರೆ ಕೆಲವು ಅಕ್ಷರ ಹೇಳ್ಲಿಕ್ಕೆ ಕಷ್ಟ ಆಗ್ಬಹುದು, ಆದ್ರೆ ಶಬ್ದ ಕಲಿಯುದು, ವಾಕ್ಯ ಕಟ್ಟುದು, ಹೇಳಿದ್ದು ಅರ್ಥ ಮಾಡಿಕೊಳ್ಳುದು ಅದರಿಂದ ಹೇಗೆ ನಿಲ್ತದೆ?

ಎಲ್ಲಾ ಭಾಷೆಯ ಶಬ್ದ ಬರೆದಿಡಿ

ಈಗ ಅಸಲು ಕೆಲಸ. ಒಂದು ಪುಸ್ತಕ ತಗೊಳ್ಳಿ, ಮಗುವಿಗೆ ಕೇಳ್ಲಿಕ್ಕೆ ಸಿಗುವ ಪ್ರತಿ ಭಾಷೆಗೆ ಒಂದೊಂದು ಸಾಲು ಗೆರೆ ಹಾಕಿ. ನಮ್ಮಲ್ಲಿ ಒಂದೇ ಮನೆಯಲ್ಲಿ ಅಜ್ಜಿ ತುಳು, ಅಪ್ಪ ಅಮ್ಮ ಕನ್ನಡ, ಶಾಲೆ ಇಂಗ್ಲಿಷ್, ಯೂಟ್ಯೂಬ್ ಹಿಂದಿ. ಕೊಂಕಣಿ ಮನೆ, ಬ್ಯಾರಿ ಮನೆ ಆದ್ರೆ ಅದೊಂದು ಮತ್ತೆ ಜಾಸ್ತಿ. ಮಗು ತಾನಾಗಿ ಹೇಳುವ ಶಬ್ದ ಬರೀರಿ, ನೀವು ಹೇಳಿಸಿ ಹೇಳಿದ್ದು ಬೇಡ. ಸರಿ ಉಚ್ಚಾರ ಇಲ್ಲದಿದ್ರೂ ಪ್ರತಿ ಸಲ ಅದೇ ವಸ್ತುವಿಗೆ ಅದೇ ಸದ್ದು ಹೇಳಿದ್ರೆ ಅದು ಶಬ್ದವೇ, ಅನ್ನಕ್ಕೆ "ಮಂ" ಅಂತ ದಿನಾ ಹೇಳ್ತದೆ ಅಂದ್ರೆ ಬರೀರಿ.

ಲೆಕ್ಕ ಎರಡು ತರ ಮಾಡ್ಬೇಕು. ಹಾಲು, ತುಳುವಿನ ಪೇರ್, ಮಿಲ್ಕ್ ಮೂರೂ ಹೇಳಿದ್ರೆ ಶಬ್ದ ಮೂರು, ವಿಷಯ ಒಂದು. ಎರಡೂ ಲೆಕ್ಕ ಥೆರಪಿಸ್ಟಿಗೆ ಬೇಕು. ಕನ್ನಡ ಒಂದನ್ನೇ ಹಿಡಿದು ಲೆಕ್ಕ ಹಾಕಿದ್ರೆ 25 ಶಬ್ದ ಸಿಗುವ ಎರಡು ವರ್ಷದ ಮಗುವಿಗೆ ಎಲ್ಲ ಸೇರಿಸಿದ್ರೆ 60 ಇರ್ಬಹುದು, ಶಬ್ದದ ಲೆಕ್ಕದಲ್ಲಿ ಆ ಮಗುವಿಗೆ ತಡವೇ ಇಲ್ಲ! ಹೆಚ್ಚು ಭಾಷೆ ಕೇಳುದ್ರಿಂದ ಭಾಷೆಯ ತೊಂದರೆ ಬರುದಿಲ್ಲ. ತೊಂದರೆ ಇರುವ ಮಗುವಿಗೆ ಅದು ಎಲ್ಲಾ ಭಾಷೆಯಲ್ಲೂ ಕಾಣ್ತದೆ, ಇಂಗ್ಲಿಷಲ್ಲಿ ಮಾತ್ರ ಕಾಣ್ತದೆ ಮನೆಯಲ್ಲಿ ತುಳು ಪಟಪಟ ಬರ್ತದೆ ಅಂದ್ರೆ ಮಗು ಇಂಗ್ಲಿಷ್ ಕಲಿಯುವ ಹಂತದಲ್ಲಿ ಉಂಟು ಅಷ್ಟೆ. ಹೊಸ ಭಾಷೆಯ ಶಾಲೆಗೆ ಸೇರಿದ ಮಕ್ಕಳು ಮೊದಲ ಕೆಲವು ತಿಂಗಳು ಬಾಯಿ ಮುಚ್ಚಿ ಕೂತು ಕೇಳುದೂ ಉಂಟು.

ಉದಾಹರಣೆಗೆ ನಾಲ್ಕು ವರ್ಷದ ಒಬ್ಬ ಎಲ್‌ಕೆಜಿ ಹುಡುಗನನ್ನು ಶಾಲೆಯಿಂದ ಕಳಿಸ್ತಾರೆ ಅಂತ ಇಟ್ಕೊಳ್ಳಿ, "ನಾಟ್ ರೆಸ್ಪಾಂಡಿಂಗ್" ಅಂತ ಡೈರಿಯಲ್ಲಿ ಬರೆದು. ಟೇಬಲ್ ಮೇಲೆ ಚಿತ್ರ ಇಟ್ಟು ವಾಟ್ ಈಸ್ ದಿಸ್ ಅಂತ ಕೇಳಿದ್ರೆ ಹುಡುಗ ಶರ್ಟಿನ ಬಟನ್ ತಿರುಗಿಸ್ತಾ ಇರ್ತಾನೆ. ಕನ್ನಡದಲ್ಲಿ ಕೇಳಿದ್ರೆ ಒಂದೊಂದು ಶಬ್ದ. ಹೊರಗೆ ಕೂತ ಅಜ್ಜಿಯನ್ನು ಒಳಗೆ ಕರೆದು, ನೆಲದಲ್ಲಿ ಕೂರಿಸಿ, ಕೈಗೆ ಆಟದ ಮೀನು ಮತ್ತೆ ಬೆಕ್ಕು ಕೊಟ್ರೆ, ಸ್ವಲ್ಪ ಹೊತ್ತಲ್ಲಿ ಅವನೇ ತುಳುವಲ್ಲಿ "ಪುಚ್ಚೆ ಬತ್ತ್ಂಡ್, ಮೀನ್ ಪೋಂಡು" ಅಂತಾನೆ. ಬೆಕ್ಕು ಬಂತು, ಮೀನು ಹೋಯ್ತು. ಎರಡು ವಾಕ್ಯ, ಎರಡರಲ್ಲೂ ಕ್ರಿಯಾಪದದ ತುದಿ ಸರಿ ಉಂಟು, ಒಂದರ ಹಿಂದೆ ಒಂದು ನಡೆದದ್ದನ್ನು ಜೋಡಿಸಿದ್ದಾನೆ. ಈ ಮಗುವಿನ ರಿಪೋರ್ಟ್ ಅಜ್ಜಿ ಇಲ್ಲದೆ ಬರೆದ್ರೆ ಬೇರೆಯೇ ಆಗ್ತಿತ್ತು. ಹಾಗಾಗಿ ಅಪಾಯಿಂಟ್‌ಮೆಂಟಿಗೆ ಬರುವಾಗ ಮಗು ಅತೀ ಹೆಚ್ಚು ಯಾರ ಹತ್ರ ಮಾತಾಡ್ತದೋ ಅವ್ರನ್ನು ಕರ್ಕೊಂಡು ಬನ್ನಿ, ಅದು ಅಜ್ಜಿ ಆಗ್ಲಿ, ಕೆಲಸದ ಅಕ್ಕ ಆಗ್ಲಿ.

ಫೋನಲ್ಲಿ ರೆಕಾರ್ಡ್ ಮಾಡಿ, ಆದ್ರೆ ಹೀಗೆ

ಹೆಚ್ಚಿನವ್ರು ತರುವ ವಿಡಿಯೋ ಹೇಗಿರ್ತದೆ ಅಂದ್ರೆ ಅಮ್ಮ ಫೋನ್ ಮುಖಕ್ಕೆ ಹಿಡಿದು "ಹೇಳು ಪುಟ್ಟ, ಎಲಿಫೆಂಟ್ ಹೇಳು, ಕಾಕೆ ಹೇಗೆ ಕೂಗ್ತದೆ ಹೇಳು, ಆಂಟಿಗೆ ಹೇಳು". ಅದು ಮಾತು ಅಲ್ಲ, ಪರೀಕ್ಷೆ. ಬೇಕಾದ್ದು ಮಗುವಿಗೆ ಗೊತ್ತಿಲ್ಲದೆ ಹತ್ತು ಹದಿನೈದು ನಿಮಿಷದ ಸಾಧಾರಣ ಮಾತು. ಫೋನನ್ನು ಕಪಾಟಿನ ಮೇಲೆ ಅಥವಾ ಮೇಜಿನ ಮೇಲೆ ಬೋರಲು ಇಟ್ಟು ಆಡಿಯೋ ಆನ್ ಮಾಡಿ ಬಿಡಿ. ಟಿವಿ ಆಫ್, ಫ್ಯಾನಿನ ಕೆಳಗೆ ಬೇಡ, ಜೋರು ಮಳೆ ಬರುವಾಗ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ್ರೆ ಮಳೆ ಮಾತ್ರ ಕೇಳ್ತದೆ. ಒಂದು ಸಲ ಊಟದ ಹೊತ್ತು, ಒಂದು ಸಲ ಆಟ, ಒಂದು ಸಲ ಅಜ್ಜ ಅಜ್ಜಿ ಜೊತೆ.

ಆಮೇಲೆ ಕೂತು ಕೇಳಿ ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೀರಿ, ತಿದ್ದಬೇಡಿ. 50 ಮಾತು ಸಿಕ್ಕಿದ್ರೆ ಒಳ್ಳೇದು, 100 ಸಿಕ್ಕಿದ್ರೆ ಭಾರೀ ಒಳ್ಳೇದು. ಇಲ್ಲಿ ಒಂದು ವಿಷಯ ಗೊತ್ತಿರ್ಲಿ. ಇಂಗ್ಲಿಷ್ ಪುಸ್ತಕದ ಪ್ರಕಾರ ಒಂದು ವಾಕ್ಯದಲ್ಲಿ ಎಷ್ಟು ಶಬ್ದ ಅಂತ ಮಾತ್ರ ಎಣಿಸಿದ್ರೆ ನಮ್ಮ ಮಕ್ಕಳಿಗೆ ಅನ್ಯಾಯ. "ಬಸ್ಸಲ್ಲಿ ಹೋಗ್ತೇನೆ" ಎರಡೇ ಶಬ್ದ, ಆದ್ರೆ ಅದರ ಒಳಗೆ ಬಸ್ಸು, ಅಲ್ಲಿ, ಹೋಗು, ಕಾಲ ತೋರಿಸುವ ತ, ನಾನು ಅಂತ ತೋರಿಸುವ ಏನೆ, ಐದು ತುಂಡು ಉಂಟು. ಕನ್ನಡದಲ್ಲಿ ಕೆಲಸ ನಡೆಯುದು ಶಬ್ದದ ತುದಿಯಲ್ಲಿ. ಹಾಗಾಗಿ ಮಗು "ಅಜ್ಜಿ ಮನೆ ಹೋಗು" ಅಂತ ಹೇಳ್ತದಾ, "ಅಜ್ಜಿ ಮನೆಗೆ ಹೋಗ್ವ" ಹೇಳ್ತದಾ ಅನ್ನುದು ದೊಡ್ಡ ವ್ಯತ್ಯಾಸ. ಗೆ, ಅಲ್ಲಿ, ಇಂದ ಬರ್ತದಾ, "ಬಂದೆ" "ಬಂದ" "ಬಂದ್ರು" ಬೇರೆ ಬೇರೆ ಮಾಡ್ತದಾ, ನಿನ್ನೆಗೂ ನಾಳೆಗೂ ಕ್ರಿಯಾಪದ ಬದಲಾಗ್ತದಾ, ಇದಕ್ಕೆಲ್ಲ ಕೆಂಪು ಪೆನ್ನಲ್ಲಿ ಗುರುತು ಹಾಕಿ ತನ್ನಿ.

ಹಾಗೆ ಹೇಳಿ ಊರಿನ ಮಾತನ್ನು ತಪ್ಪು ಅಂತ ಬರೆಯುದು ಬೇಡ. "ತಂಗಿ ಬಂತು" ಅಂತ ನಮ್ಮ ಮಕ್ಕಳು ಹೇಳ್ತಾರೆ ಯಾಕಂದ್ರೆ ಇಲ್ಲಿ ದೊಡ್ಡವ್ರೂ ಸಣ್ಣ ಮಕ್ಕಳಿಗೆ ಹಾಗೇ ಹೇಳುದು. ಚಿತ್ರ ನೋಡಿ ಸೀಬೆ ಅನ್ನದೆ ಪೇರಳೆ ಅಂದ್ರೆ, ಕಡ್ಲೆಕಾಯಿ ಅನ್ನದೆ ನೆಲಕಡಲೆ ಅಂದ್ರೆ ಅದು ಪೂರ್ತಿ ಮಾರ್ಕಿನ ಉತ್ತರ. ಟೆಸ್ಟ್ ಮಾಡುವವ್ರು ಬೇರೆ ಜಿಲ್ಲೆಯವ್ರಾದ್ರೆ ನೀವೇ ಬಾಯಿ ಬಿಟ್ಟು ಹೇಳಿ, ಅವ್ರಿಗೂ ಬೇಜಾರಾಗುದಿಲ್ಲ.

ನಿಜವಾಗ್ಲೂ ಅರ್ಥ ಆಗ್ತದಾ ನೋಡುದು ಹೇಗೆ

"ಎಲ್ಲ ಅರ್ಥ ಆಗ್ತದೆ, ಮಾತು ಮಾತ್ರ ಇಲ್ಲ." ಹತ್ತರಲ್ಲಿ ಒಂಬತ್ತು ಮನೆಯವ್ರು ಹೀಗೇ ಶುರು ಮಾಡುದು. ನೀವು ಬ್ಯಾಗ್ ಹಾಕಿ ಬಾಗಿಲ ಹತ್ರ ನಿಂತು "ಚಪ್ಪಲಿ ತಾ" ಅಂದ್ರೆ ಮಗು ತರ್ತದೆ, ಅದಕ್ಕೆ ಮಾತು ಅರ್ಥ ಆಗ್ಬೇಕು ಅಂತ ಇಲ್ಲ, ಬ್ಯಾಗ್ ನೋಡಿದ್ರೆ ಸಾಕು. ಅದನ್ನೇ ರಾತ್ರಿ ಊಟಕ್ಕೆ ಕೂತಾಗ, ಕೈ ತೋರಿಸದೆ, ಆ ಕಡೆ ಕಣ್ಣೂ ಹಾಕದೆ ಕೇಳಿ, "ಅಪ್ಪನ ಚಪ್ಪಲಿ ಎಲ್ಲಿ ಉಂಟು?" ಆಮೇಲೆ ಎರಡು ವಿಷಯ ಸೇರಿಸಿ, "ಚಮಚ ಬಟ್ಟಲೊಳಗೆ ಹಾಕಿ ನೀರಿನ ಬಾಟ್ಲಿ ಅಜ್ಜಿಗೆ ಕೊಡು." ಆಮೇಲೆ ಮಗು ನಿರೀಕ್ಷೆ ಮಾಡದ ತಮಾಷೆ ಒಂದು, "ಚಮಚವನ್ನು ತಲೆ ಮೇಲೆ ಇಡು." ಇದನ್ನು ಮಾಡಿದ್ರೆ ಮಗು ಶಬ್ದ ಕೇಳಿಯೇ ಮಾಡಿದ್ದು ಅಂತ ಲೆಕ್ಕ, ಊಹೆಯಿಂದ ಮಾಡ್ಲಿಕ್ಕೆ ಆಗುದಿಲ್ಲ. ಕ್ಲಿನಿಕಲ್ಲೂ ಇದೇ ಮಾಡುದು, ಅಲ್ಲಿ ಅಮ್ಮಂದಿರು ಹಿಂದಿನಿಂದ ಗದ್ದ ಎತ್ತಿ ಕಣ್ಣಲ್ಲೇ ಉತ್ತರ ತೋರಿಸ್ತಾರೆ, ದಯವಿಟ್ಟು ಬೇಡ. ಎಷ್ಟನೇ ಸಲಕ್ಕೆ ಮಾಡಿತು, ಯಾವ ಭಾಷೆಯಲ್ಲಿ ಕೇಳಿದ್ದು ಬರೆದಿಡಿ.

ಎಲ್ಲಿಗೆ ಹೋಗುದು, ಅಲ್ಲಿ ಎಂತ ಮಾಡ್ತಾರೆ

ನಮ್ಮ ಅದೃಷ್ಟಕ್ಕೆ ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಯಲ್ಲಿ ಜಾಗಕ್ಕೆ ಬರ ಇಲ್ಲ. ಮಂಗಳೂರಲ್ಲಿ ಫಾದರ್ ಮುಲ್ಲರ್, ಕೆಎಂಸಿ, ಡಾ. ಎಂ.ವಿ. ಶೆಟ್ಟಿ ಕಾಲೇಜು, ಮಣಿಪಾಲದಲ್ಲಿ ಸ್ಪೀಚ್ ಆಂಡ್ ಹಿಯರಿಂಗ್ ವಿಭಾಗ, ಎಲ್ಲ ಕಡೆ ಈ ವಿಷಯ ಕಲಿಸ್ತಾರೆ. ಮೈಸೂರಿನ ಆಯಿಷ್, ಅಂದ್ರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಉಂಟು. ಖಾಸಗಿಗೆ ಹೋಗ್ಲಿಕ್ಕೆ ಆಗದವ್ರು ಅಂಗನವಾಡಿ, ಆಶಾ ಕಾರ್ಯಕರ್ತೆ ಮೂಲಕ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡಕ್ಕೆ ಹೇಳಿ, 2013ರಲ್ಲಿ ಶುರುವಾದ ಕೇಂದ್ರದ ಯೋಜನೆ, ಹುಟ್ಟಿನಿಂದ 18 ವರ್ಷದ ತನಕ, ಬೆಳವಣಿಗೆ ತಡವೂ ಅದರೊಳಗೆ ಬರ್ತದೆ, ಅಲ್ಲಿಂದ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸ್ತಾರೆ. ಎಲ್ಲೇ ಹೋದ್ರೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಉಂಟಾ ಕೇಳಿ. ಬೋರ್ಡ್ ಹಾಕಿದವ್ರೆಲ್ಲ ಸ್ಪೀಚ್ ಥೆರಪಿಸ್ಟ್ ಅಲ್ಲ.

ಸಣ್ಣ ಮಕ್ಕಳಿಗೆ ಹೆಚ್ಚಾಗಿ ರೀಲ್ಸ್ ಅನ್ನುವ ಪಟ್ಟಿ ಹಿಡಿದು ಅಪ್ಪ ಅಮ್ಮನ ಹತ್ರ ಪ್ರಶ್ನೆ ಕೇಳ್ತಾರೆ, ಇನ್‌ಸ್ಟಾ ರೀಲ್ಸ್ ಅಲ್ಲ, ಇದು ಅಮೆರಿಕದಲ್ಲಿ 1971ರಲ್ಲಿ ಬಂದದ್ದು, ಮೂರು ವರ್ಷದ ತನಕದ ಮಕ್ಕಳಿಗೆ. ನೀವು ಹೇಳಿದ್ದೇ ಅದರಲ್ಲಿ ಉತ್ತರ ಆದ ಕಾರಣ ಮರ್ಯಾದೆಗೆ ಅಂತ ಜಾಸ್ತಿ ಹೇಳ್ಬೇಡಿ, ನಷ್ಟ ಮಗುವಿಗೆ. ಕನ್ನಡಕ್ಕೆ ಅಂತಲೇ ಮಾಡಿದ ಟೆಸ್ಟ್‌ಗಳೂ ಉಂಟು, ಎಲ್‌ಪಿಟಿ, ಕೆಎಲ್‌ಟಿ ಅಂತ. ತುಳು, ಬ್ಯಾರಿ ಮನೆಮಾತಿನ ಮಗುವಿಗೆ ಕನ್ನಡ ಟೆಸ್ಟಿನ ಸ್ಕೋರ್ ಒಂದನ್ನೇ ನೋಡಿ ತೀರ್ಮಾನ ಮಾಡುದು ನನಗೆ ಸರಿ ಕಾಣುದಿಲ್ಲ. ಅಂಥಾ ಮಗುವಿಗೆ ಒಳ್ಳೆ ದಾರಿ ಎಂತ ಅಂದ್ರೆ ಕಲಿಸಿ ನೋಡುದು. ಮಗು ಯಾವತ್ತೂ ನೋಡದ ಒಂದು ವಸ್ತುವಿಗೆ "ಗುಮಡೆ" ಅಂತ ಸುಮ್ಮನೆ ಒಂದು ಹೆಸರಿಟ್ಟು ಆಟದಲ್ಲಿ ಕೆಲವು ಸಲ ಹೇಳಿ, ಸ್ವಲ್ಪ ಬಿಟ್ಟು ಕೇಳುದು. ಬೇಗ ಹಿಡಿದುಕೊಂಡ್ರೆ ಆ ಮಗುವಿಗೆ ಕಲಿಯುವ ಶಕ್ತಿ ಉಂಟು, ಅವಕಾಶ ಕಮ್ಮಿ ಆಗಿತ್ತು ಅಂತ ಒಂದು ಅಂದಾಜು ಸಿಗ್ತದೆ. ಎಷ್ಟು ಸಲ ಹೇಳಿದ್ರೂ ಜಾರಿ ಹೋಗ್ತದೆ ಅಂದ್ರೆ ಚಿಂತೆ ಮಾಡ್ಬೇಕಾದ್ದು. ಅರ್ಥ ಇಲ್ಲದ ಉದ್ದ ಶಬ್ದ ಹೇಳಿಸುದು, ಉದ್ದ ವಾಕ್ಯ ಕೇಳಿ ಹಾಗೇ ವಾಪಸ್ ಹೇಳಿಸುದು ಕೂಡ ಇದಕ್ಕೇ. ದೊಡ್ಡ ಮಕ್ಕಳಿಗೆ ಚಿತ್ರ ಕೊಟ್ಟು ಕಥೆ ಹೇಳಿಸ್ತಾರೆ.

ರಿಪೋರ್ಟ್ ಓದುದು

ಆರ್‌ಎಲ್‌ಎ 30ರಿಂದ 36 ತಿಂಗಳು, ಇಎಲ್‌ಎ 22ರಿಂದ 24 ತಿಂಗಳು, ಹೀಗೆ ಬರೆದಿರ್ತಾರೆ. ಮೊದಲನೆಯದ್ದು ಅರ್ಥ ಮಾಡಿಕೊಳ್ಳುವ ಭಾಷೆಯ ವಯಸ್ಸು, ಎರಡನೆಯದ್ದು ಮಾತಾಡುವ ಭಾಷೆಯದ್ದು. ಇದು ಬುದ್ಧಿಯ ವಯಸ್ಸು ಅಲ್ಲ, ನೋಡಿ ಅಳ್ಬೇಡಿ. ನಂಬರಿಗಿಂತ ಅದರ ಕೆಳಗೆ ಬರೆದದ್ದು ಮುಖ್ಯ, ಯಾವ ಭಾಷೆಯಲ್ಲಿ ನೋಡಿದ್ದು, ಎಂತ ಮಾಡ್ತದೆ, ಎಂತ ಮಾಡುದಿಲ್ಲ. ಟೆಸ್ಟ್ ಮಾಡಿದ ಭಾಷೆ ಬರೆಯದಿದ್ರೆ ಬರೆಸಿಕೊಳ್ಳಿ.

ಕಿವಿ ಸರಿ, ಆಟಿಸಂ ಇಲ್ಲ, ಬುದ್ಧಿಯ ತೊಂದರೆಯೂ ಅಲ್ಲ, ಆದ್ರೂ ಭಾಷೆ ಮಾತ್ರ ಹಿಂದೆ, ಸುಮಾರು ಐದು ವರ್ಷ ಆದ್ರೂ ದಿನದ ಬದುಕಿಗೆ ಅಡ್ಡಿ ಆಗುವಷ್ಟು ಹಿಂದೆ ಅಂದ್ರೆ ಅದಕ್ಕೆ ಈಗ ಡಿಎಲ್‌ಡಿ, ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಅಂತ ಹೇಳ್ತಾರೆ. ಮೊದ್ಲು ಎಸ್‌ಎಲ್‌ಐ, ಸ್ಪೆಸಿಫಿಕ್ ಲ್ಯಾಂಗ್ವೇಜ್ ಇಂಪೇರ್‌ಮೆಂಟ್ ಅಂತ ಇತ್ತು, 2017ರ ಆಸುಪಾಸಿಗೆ ತಜ್ಞರೆಲ್ಲ ಸೇರಿ ಒಂದೇ ಹೆಸರು ಇರ್ಲಿ ಅಂತ ಮಾಡಿದ್ದು. ಇಂಗ್ಲೆಂಡಲ್ಲಿ ಲೆಕ್ಕ ಮಾಡಿದಾಗ ಶಾಲೆ ಸೇರುವ ವಯಸ್ಸಿನ ಮಕ್ಕಳಲ್ಲಿ ಸುಮಾರು 7% ಸಿಕ್ಕಿದ್ರು, ಅಂದ್ರೆ 30 ಮಕ್ಕಳ ಒಂದು ಕ್ಲಾಸಲ್ಲಿ ಇಬ್ರು. ನೀವು ಕೆಲಸಕ್ಕೆ ಹೋದದ್ದಕ್ಕೆ ಬಂದದ್ದಲ್ಲ ಇದು. ಮೊಬೈಲ್ ಕಮ್ಮಿ ಮಾಡಿ, ಅದು ಒಳ್ಳೇದೇ, ಮಾತಾಡುವ ಹೊತ್ತು ಸಿಗ್ತದೆ, ಆದ್ರೆ ಮೊಬೈಲ್ ಕಿತ್ತುಕೊಂಡ ಕೂಡಲೇ ಡಿಎಲ್‌ಡಿ ಹೋಗುದಿಲ್ಲ. ಇಂಥಾ ಮಕ್ಕಳಿಗೆ ಮುಂದೆ ಓದು ಬರಹದಲ್ಲೂ ಕಷ್ಟ ಬರುದು ಹೆಚ್ಚು, ಹಾಗಾಗಿ ಮಾತು ಬಂತು ಅಂತ ಫಾಲೋಅಪ್ ಬಿಡ್ಬೇಡಿ.

ಸರ್ಟಿಫಿಕೇಟ್ ಬಗ್ಗೆ ತುಂಬ ಜನ ಕೇಳ್ತಾರೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧದಲ್ಲಿ ಮಾತು ಮತ್ತು ಭಾಷೆಯ ವೈಕಲ್ಯ ಉಂಟು, ಆದ್ರೆ ಅದರ ವ್ಯಾಖ್ಯೆಯಲ್ಲಿ ಇರುದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದದ್ದು, ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಮಾತು ಹೋಗುದು) ಇಂಥಾ ಅಂಗ ಅಥವಾ ನರದ ಕಾರಣದ ಶಾಶ್ವತ ತೊಂದರೆ. ಡಿಎಲ್‌ಡಿ ಅದರೊಳಗೆ ಸರಿಯಾಗಿ ಕೂರುದಿಲ್ಲ. ಕಿವಿ, ಆಟಿಸಂ, ಕಲಿಕೆಯ ತೊಂದರೆ ಜೊತೆಗಿದ್ರೆ ಆ ಹೆಸರಲ್ಲಿ ದಾರಿ ಉಂಟು.

ಅಲ್ಲಿ ತನಕ ಮನೆಯಲ್ಲಿ

ಡೇಟ್ ಸಿಗ್ಲಿಕ್ಕೆ ತಡ ಆಗ್ತದೆ, ಸುಮ್ಮನೆ ಕೂರ್ಬೇಡಿ. ಪ್ರಶ್ನೆ ಕಮ್ಮಿ ಮಾಡಿ, ಮಾತು ಜಾಸ್ತಿ ಮಾಡಿ. ದೋಸೆ ಹೊಯ್ಯುವಾಗ "ಹಿಟ್ಟು ಹಾಕಿದೆ, ಚುಂಯ್ ಅಂತು, ಈಗ ಮುಚ್ಚಿದೆ, ಬಿಸಿ ಉಂಟು" ಅಂತ ಸಣ್ಣ ಸಣ್ಣ ವಾಕ್ಯ. ಮಗು "ದೋಸೆ" ಅಂದ್ರೆ ನೀವು "ದೋಸೆ ಬೇಕಾ, ಬಿಸಿ ದೋಸೆ ಬೇಕಾ" ಅಂತ ಒಂದು ಶಬ್ದ ಸೇರಿಸಿ ವಾಪಸ್ ಕೊಡಿ. "ಅಜ್ಜಿ ಮನೆ ಹೋಗು" ಅಂದ್ರೆ ತಪ್ಪು ಅಂತ ಹೇಳ್ದೆ "ಹೌದು, ಅಜ್ಜಿ ಮನೆಗೆ ಹೋಗ್ವ" ಅನ್ನಿ. ಮತ್ತೆ ಕಾಯಿರಿ. ಐದರಿಂದ ಹತ್ತು ಸೆಕೆಂಡ್, ಮನಸ್ಸಲ್ಲಿ ಎಣಿಸಿ, ನಮ್ಮ ದೊಡ್ಡವ್ರಿಗೆ ಇದು ಎಲ್ಲಕ್ಕಿಂತ ಕಷ್ಟ, ಮಗು ಬಾಯಿ ತೆರೆಯುವ ಮೊದ್ಲೇ ಅಕ್ಕ ಉತ್ತರ ಹೇಳಿ ಆಗಿರ್ತದೆ.

ತುಳು ನಿಲ್ಲಿಸ್ಬೇಡಿ. ಇಂಗ್ಲಿಷ್ ಮಾತ್ರ ಮಾತಾಡಿ ಅಂತ ಶಾಲೆಯಿಂದ ಹೇಳಿ ಕಳಿಸಿದ್ರೂ ನಿಲ್ಲಿಸ್ಬೇಡಿ. ಇಡೀ ದಿನ ಮಗುವಿನ ಹತ್ರ ಇರುವವ್ರು ಅಜ್ಜಿ, ಅವ್ರಿಗೆ ಬರುದು ತುಳು, ಅದನ್ನು ಬಂದ್ ಮಾಡಿದ್ರೆ ಮಗುವಿಗೆ ಹೆಚ್ಚು ಮಾತು ಕೊಡುವ ಬಾಯಿಯೇ ಬಂದ್ ಆಯ್ತಲ್ಲ. ಬರುವ ಭಾಷೆಯಲ್ಲಿ ಚೆನ್ನಾಗಿ ಮಾತಾಡುದು, ಬಾರದ ಭಾಷೆಯಲ್ಲಿ "ಕಮ್, ಈಟ್, ಸಿಟ್" ಅಂತ ಮೂರು ಶಬ್ದ ಹೇಳುದಕ್ಕಿಂತ ಎಷ್ಟೋ ಮೇಲು.

ಶಾಲೆ ಟೀಚರ್ ಹತ್ರ ರಿಪೋರ್ಟಿನ ಒಂದು ಕಾಪಿ ಕೊಟ್ಟು ಮೂರು ನಾಲ್ಕು ವಿಷಯ ಕೇಳಿಕೊಳ್ಳಿ. ಎದುರಿನ ಬೆಂಚು, ಒಂದು ಸಲಕ್ಕೆ ಒಂದು ಸೂಚನೆ, ಹೇಳಿದ್ಮೇಲೆ ಸ್ವಲ್ಪ ಟೈಮ್, ಎಲ್ಲರ ಎದುರು ನಿಲ್ಲಿಸಿ ರೈಮ್ಸ್ ಹೇಳಿಸುದು ಸದ್ಯಕ್ಕೆ ಬೇಡ. ಶಬ್ದದ ಪುಸ್ತಕ ಮುಂದುವರಿಸಿ, ತಾರೀಖು ಹಾಕಿ ಬರೀರಿ, ಆರು ತಿಂಗಳು ಬಿಟ್ಟು ರಿವ್ಯೂಗೆ ಹೋಗುವಾಗ ಅದೇ ಪುಸ್ತಕ, ಹೊಸ ರೆಕಾರ್ಡಿಂಗ್, ಹಳೆ ರಿಪೋರ್ಟ್, ಕಿವಿ ಟೆಸ್ಟಿನ ಶೀಟು ನಾಲ್ಕನ್ನೂ ಒಂದೇ ಫೈಲಲ್ಲಿ ಹಾಕಿ ತಗೊಂಡು ಹೋಗಿ, ಒರಿಜಿನಲ್ ಎಲ್ಲೂ ಕೊಡ್ಬೇಡಿ, ಜೆರಾಕ್ಸ್ ಮಾತ್ರ ಕೊಡಿ.